ಪಾತ್ರೆಯೊಳಗಿನ ಹಾರೈಕೆ

ಅಡಿಗೆಯ ಮನೆಯ ಪಾತ್ರೆಗೆ ಇತಿಹಾಸದಲ್ಲಿ ಸ್ಥಾನ ದೊರೆಯುವುದು ಅಪರೂಪ. ಅರಸರ ಖಡ್ಗ, ಕಿರೀಟ, ಸಿಂಹಾಸನಗಳನ್ನು ಕುರಿತು ಕಥೆ ಕಟ್ಟುವ ಜನ, ಆ ಅರಸರಿಗೆ ಅನ್ನ ಬೇಯಿಸಿಕೊಟ್ಟ ತಪ್ಪಲೆಯನ್ನು ಮಾತ್ರ ಮರೆತುಬಿಡುತ್ತಾರೆ. ಅದು ಮಸಿ ಹಿಡಿಯುತ್ತದೆ, ನೆಗ್ಗುತ್ತದೆ, ತೂತು ಬೀಳುತ್ತದೆ. ಕಡೆಗೊಂದು ದಿನ ಹಳೆಯ ಪಾತ್ರೆ ಕೊಳ್ಳುವವನ ಗೋಣಿಚೀಲ ಸೇರಿ ತನ್ನ ಬಾಳನ್ನು ಮುಗಿಸುತ್ತದೆ. ಲೋಕದ ರೂಢಿ ಹೀಗಿರುವಾಗ, ಒಂದು ದೊಡ್ಡ ನಾಡು ತನ್ನ ಧರ್ಮವನ್ನೂ ರಾಜ್ಯವನ್ನೂ ವಂಶದ ಮಾನವನ್ನೂ ಬೇಯಿಸುವ, ಬಡಿಸುವ, ಸುರಿಯುವ ಪಾತ್ರೆಗಳಿಗೆ ಒಪ್ಪಿಸಿ ಸಾವಿರಕ್ಕೂ ಮೀರಿದ ವರ್ಷಗಳನ್ನು ಕಳೆಯಿತೆಂದರೆ ಕೇಳಿದವರಿಗೆ ಸೋಜಿಗವಾಗದಿರದು. ಆ ನಾಡು ಚೀನ. ಆ ಪಾತ್ರೆಗಳು ಕಂಚಿನವು.

ಕ್ರಿ.ಪೂ. 606ರ ಮಾತು. ದಕ್ಷಿಣದ ಚೂ ರಾಜ್ಯದ ದೊರೆ ಝ್ವಾಂಗ್ ತನ್ನ ದಂಡಿನೊಡನೆ ಝೌ ವಂಶದ ಚಕ್ರವರ್ತಿಯ ಎಲ್ಲೆಯವರೆಗೂ ಬಂದು ಬೀಡುಬಿಟ್ಟ. ಉಪಚಾರದ ಮಾತಾಡಲು ಬಂದ ರಾಜದೂತನನ್ನು ಅವನು ಕೇಳಿದ್ದು ಒಂದೇ ಪ್ರಶ್ನೆ: ಅರಮನೆಯಲ್ಲಿರುವ ಒಂಬತ್ತು ‘ದಿಂಗ್’ಗಳ ಗಾತ್ರವೆಷ್ಟು, ತೂಕವೆಷ್ಟು? ದಿಂಗ್ ಎಂದರೆ ಮೂರು ಕಾಲಿನ, ಕೆಲವೊಮ್ಮೆ ನಾಲ್ಕು ಕಾಲಿನ, ಮಾಂಸ ಬೇಯಿಸುವ ಹಂಡೆ. ಪುರಾಣಪುರುಷನಾದ ಯೂ ಎಂಬ ಅರಸ ಒಂಬತ್ತು ಸೀಮೆಗಳಿಂದ ಬಂದ ಲೋಹದಲ್ಲಿ ಒಂಬತ್ತು ದಿಂಗ್‌ಗಳನ್ನು ಎರಕ ಹೊಯ್ಯಿಸಿದನೆಂದೂ, ಅವು ಯಾರ ಬಳಿ ಇದ್ದುವೋ ಅವರೇ ನಾಡಿಗೆ ಒಡೆಯರೆಂದೂ ಪ್ರತೀತಿಯಿತ್ತು. ದೂತ ಜಾಣ. ತೂಕ ಇರುವುದು ಒಡೆಯನ ಶೀಲದಲ್ಲಿ, ಹಂಡೆಯಲ್ಲಲ್ಲ ಎಂಬ ಭಾವದ ಉತ್ತರವನ್ನು ಕೊಟ್ಟು ಅವನನ್ನು ಹಿಂದಕ್ಕೆ ಕಳುಹಿಸಿದ. ಚೀನೀ ಭಾಷೆಯಲ್ಲಿ ಇಂದಿಗೂ ‘ದಿಂಗ್‌ನ ವಿಚಾರ ಕೇಳುವುದು’ ಎಂದರೆ ಅಧಿಕಾರಕ್ಕೆ ಆಸೆಪಡುವುದು ಎಂದೇ ಅರ್ಥ.

ಆ ಒಂಬತ್ತು ಹಂಡೆಗಳು ಮುಂದೆ ಕಾಣೆಯಾದುವು. ಸಿ ನದಿಯಲ್ಲಿ ಮುಳುಗಿದುವೆಂದು ಸುದ್ದಿ ಹಬ್ಬಿತು. ಚೀನವನ್ನೆಲ್ಲ ಒಂದುಗೂಡಿಸಿದ ಮೊದಲ ಚಕ್ರವರ್ತಿ ಕ್ರಿ.ಪೂ. 219ರಲ್ಲಿ ಸಾವಿರ ಜನರನ್ನು ಹೊಳೆಗಿಳಿಸಿ ಹುಡುಕಿಸಿದನೆಂದೂ, ಒಂದೂ ಸಿಗಲಿಲ್ಲವೆಂದೂ ಹಳೆಯ ಚರಿತ್ರೆಕಾರರು ಬರೆದಿಟ್ಟಿದ್ದಾರೆ. ಕಥೆಯಲ್ಲಿ ನಿಜವೆಷ್ಟಾದರೂ ಇರಲಿ. ನಾಡನ್ನೆಲ್ಲ ಗೆದ್ದವನೊಬ್ಬ ಕೆಲವು ಅಡಿಗೆಯ ಪಾತ್ರೆಗಳಿಗಾಗಿ ಹೊಳೆಯ ಕೆಸರನ್ನು ಶೋಧಿಸಿದ ಚಿತ್ರವನ್ನು ಚೀನೀಯರು ನಗದೆ ನಂಬಿದರು, ಕಲ್ಲಿನ ಮೇಲೆಯೂ ಕೆತ್ತಿದರು. ಪಾತ್ರೆಗೆ ಅವರು ಕೊಟ್ಟ ಬೆಲೆ ಅಂಥದು.

ಈ ಬೆಲೆ ಬಂದದ್ದು ಲೋಹದಿಂದ ಮಾತ್ರವಲ್ಲ, ಉಣ್ಣುವವರಿಂದ. ಆ ಪಾತ್ರೆಗಳಲ್ಲಿ ಬಡಿಸುತ್ತಿದ್ದುದು ಬದುಕಿದ್ದವರ ಜೊತೆಗೆ ಸತ್ತವರಿಗೆ. ತೀರಿಹೋದ ಹಿರಿಯರು ಎಲ್ಲಿಯೋ ಮೇಲೆ ಕುಳಿತು ಮನೆಯನ್ನು ನೋಡುತ್ತಿರುತ್ತಾರೆ. ಅವರಿಗೆ ಹೊತ್ತಿಗೆ ಸರಿಯಾಗಿ ಊಟ ಪಾನಗಳು ಸಂದರೆ ಮಳೆ, ಬೆಳೆ, ಗೆಲುವು, ಸಂತಾನ. ಸಲ್ಲದಿದ್ದರೆ ರೋಗ, ಸೋಲು, ಬರ. ಪಿತೃಗಳಿಗೆ ಎಡೆ ಇಡುವ ಪದ್ಧತಿಯನ್ನು ಬಲ್ಲ ಓದುಗರಿಗೆ ಈ ಭಾವ ಹೊಸದಲ್ಲ. ಪ್ರಾಚೀನ ಚೀನೀಯರ ಶ್ರದ್ಧೆಯ ಕೇಂದ್ರ ದೊಡ್ಡದೊಂದು ವಿಗ್ರಹವಾಗಿರಲಿಲ್ಲ; ಹಬೆಯಾಡುವ ಪಾತ್ರೆಯಾಗಿತ್ತು. ಹಬೆ ಮೇಲಕ್ಕೇರುವುದು ಎಲ್ಲರ ಕಣ್ಣಿಗೂ ಕಾಣುತ್ತದೆ. ಹಿರಿಯರಿರುವುದೂ ಮೇಲೆಯೇ.

ಪಾತ್ರೆಗಳಲ್ಲಿ ಎಷ್ಟು ಬಗೆ! ಮಾಂಸಕ್ಕೆ ದಿಂಗ್. ಬೆಂದ ನವಣೆ, ಬರಗು ಮುಂತಾದ ಧಾನ್ಯಕ್ಕೆ ಅಗಲ ಬಾಯಿಯ, ಎರಡು ಹಿಡಿಗಳ ‘ಗ್ವೀ’. ಕೆಳಗೆ ನೀರು, ಮೇಲೆ ಧಾನ್ಯ ಇಟ್ಟು ಹಬೆಯಲ್ಲಿ ಬೇಯಿಸಲು ‘ಯಾನ್’. ಇಡ್ಲಿಯ ಪಾತ್ರೆಯ ದೂರದ ಅಣ್ಣನೆನ್ನಬೇಕು. ಮದ್ಯವನ್ನು ಸುರಿಯಲು ಮೂರು ತೆಳುಗಾಲಿನ, ಚೂಪು ಮೂತಿಯ ‘ಜ್ವೇ’, ಕುಡಿಯಲು ಕಹಳೆಯಂತೆ ಬಾಯಿ ಅರಳಿದ ‘ಗೂ’, ತುಂಬಿಡಲು ‘ಝುನ್’, ತೂಗುಹಿಡಿ ಮತ್ತು ಮುಚ್ಚಳ ಇರುವ ‘ಯೂ’, ಕೈ ತೊಳೆಯಲು ‘ಪಾನ್’ ಎಂಬ ಹರಿವಾಣ. ಒಂದು ದೊಡ್ಡ ಮನೆತನದ ಭೋಜನಕ್ಕೆ ಬೇಕಾದ್ದೆಲ್ಲವೂ ಇಲ್ಲಿವೆ.

ಈ ಆಕಾರಗಳು ಕಂಚಿನೊಡನೆ ಹುಟ್ಟಿದವಲ್ಲ. ಅವುಗಳಲ್ಲಿ ಅನೇಕಕ್ಕೆ ಕುಂಬಾರನ ಮಣ್ಣಿನ ಗಡಿಗೆಯೇ ತಾಯಿ. ಹೆನಾನ್ ಪ್ರಾಂತದ ಅರ್ಲಿತೌ ಎಂಬಲ್ಲಿ 1959ರಿಂದ ನಡೆದ ಅಗೆತದಲ್ಲಿ ಚೀನದ ಅತಿ ಹಳೆಯ ಕಂಚಿನ ಪಾತ್ರೆಗಳು ದೊರೆತುವು, ಕ್ರಿ.ಪೂ. ಹದಿನೆಂಟು ಹದಿನೇಳನೆಯ ಶತಮಾನಗಳ ಆ ಪುಟ್ಟ ಜ್ವೇಗಳು ತೆಳುವಾಗಿ, ಬೋಳಾಗಿ, ಸಂಕೋಚದಿಂದ ನಿಂತಿರುವಂತೆ ಕಾಣುತ್ತವೆ. ಅವುಗಳ ಮುಂದಿನ ಕಾಲದಲ್ಲಿ, ಕ್ರಿ.ಪೂ. ಸುಮಾರು 1600ರಿಂದ 1046ರವರೆಗೆ ಆಳಿದ ಷಾಂಗ್ ವಂಶದವರ ಕಾಲದಲ್ಲಿ, ಸಂಕೋಚವೆಲ್ಲ ಹೋಗಿ ಪಾತ್ರೆಗಳು ಬೆಳೆದುವು, ಭಾರವಾದುವು, ಮೈತುಂಬ ಚಿತ್ರ ತೊಟ್ಟುವು.

ಇಂದು ವಸ್ತುಸಂಗ್ರಹಾಲಯಗಳಲ್ಲಿ ಅವುಗಳ ಬಣ್ಣ ಹಸಿರು. ನೋಡಿದವರು ಆ ಹಸಿರನ್ನೇ ಹೊಗಳುತ್ತಾರೆ. ಆದರೆ ಅದು ಕಿಲುಬು. ಮೂರು ಸಾವಿರ ವರ್ಷ ನೆಲದೊಳಗಿದ್ದುದರ ಗುರುತು. ತಾಮ್ರಕ್ಕೆ ತವರವನ್ನೂ ಸೀಸವನ್ನೂ ಬೆರೆಸಿ ಎರಕ ಹೊಯ್ದು ಹೊರತೆಗೆದಾಗ ಅವು ಬಂಗಾರದ ಹಾಗೆ ಝಗಝಗಿಸುತ್ತಿದ್ದುವು. ಆಗಿನವರು ಕಂಚನ್ನು ಕರೆಯುತ್ತಿದ್ದ ಅಕ್ಷರವೇ ಈಗ ಚೀನೀ ಭಾಷೆಯಲ್ಲಿ ಚಿನ್ನದ ಹೆಸರು.

ಎರಕದ ಕ್ರಮವೂ ವಿಶಿಷ್ಟವಾದುದು. ದಕ್ಷಿಣ ಭಾರತದ ಶಿಲ್ಪಿ ಕಂಚಿನ ವಿಗ್ರಹವನ್ನು ಮಾಡುವಾಗ ಮೊದಲು ಮೇಣದ ಪ್ರತಿಮೆಯನ್ನು ರೂಪಿಸಿ, ಅದಕ್ಕೆ ಮಣ್ಣು ಮೆತ್ತಿ, ಮೇಣವನ್ನು ಕರಗಿಸಿ ಹರಿಯಬಿಟ್ಟು, ಆ ಟೊಳ್ಳಿಗೆ ಲೋಹ ಹೊಯ್ಯುತ್ತಾನೆ. ಷಾಂಗ್ ಕಾಲದ ಎರಕದವನಿಗೆ ಮಣ್ಣೇ ಸರ್ವಸ್ವ. ಅವನು ಪಾತ್ರೆಯ ಮಾದರಿಯನ್ನು ಜೇಡಿಮಣ್ಣಿನಲ್ಲಿ ಮಾಡುತ್ತಿದ್ದ. ಅದರ ಮೇಲೆ ಹಸಿಮಣ್ಣಿನ ಹೆಂಟೆಗಳನ್ನು ಒತ್ತಿ, ಅಚ್ಚು ಮೂಡಿದ ಮೇಲೆ ಹೋಳುಗಳಾಗಿ ಬಿಡಿಸಿಕೊಂಡು ಸುಡುತ್ತಿದ್ದ. ಪಾತ್ರೆಯ ಒಳಗಿನ ಟೊಳ್ಳಿಗೆ ಮಣ್ಣಿನದೇ ಒಂದು ತಿರುಳನ್ನು ಮಾಡಿ, ಹೊರಗಿನ ಹೋಳುಗಳನ್ನು ಅದರ ಸುತ್ತ ಜೋಡಿಸಿ, ನಡುವೆ ಅಂತರ ಕೆಡದಂತೆ ಕಂಚಿನ ಚಿಕ್ಕ ಚೂರುಗಳನ್ನು ಇಟ್ಟು, ಆ ಸಂದಿಗೆ ಕುದಿಯುವ ಲೋಹವನ್ನು ಸುರಿಯುತ್ತಿದ್ದ. ಆರಿದ ಮೇಲೆ ಅಚ್ಚನ್ನು ಒಡೆಯಬೇಕು. ಒಮ್ಮೆ ಒಡೆದ ಅಚ್ಚು ಮತ್ತೆ ಬಾರದು. ಆದ್ದರಿಂದ ಜೊತೆ ಜೊತೆಯಾಗಿ ಮಾಡಿದ ಪಾತ್ರೆಗಳೂ ಅಣ್ಣತಮ್ಮಂದಿರಂತೆ ಹೋಲುತ್ತವೆಯೇ ಹೊರತು ಒಂದೇ ಆಗಿರುವುದಿಲ್ಲ.

ಅಲಂಕಾರದ ಗುಟ್ಟು ಇರುವುದೂ ಈ ಹೋಳುಗಳಲ್ಲಿಯೇ. ಕಂಚಿನ ಮೇಲೆ ಕಾಣುವ ಕೂದಲೆಳೆಯಂಥ ಗೆರೆಗಳನ್ನು ಉಳಿಯಿಂದ ಕೆತ್ತಿಲ್ಲ. ಮೆತ್ತನೆಯ ಮಣ್ಣಿನಲ್ಲಿ ಗೀರಿ, ಲೋಹಕ್ಕೆ ಒಪ್ಪಿಸಿದ್ದಾರೆ. ಹೋಳು ಹೋಳು ಸೇರುವ ಕಡೆ ಲೋಹ ಒಸರಿ ಒರಟು ಅಂಚು ಉಳಿಯುವುದು ಸಹಜ. ಬೇರೆಯವರಾಗಿದ್ದರೆ ಅದನ್ನು ಉಜ್ಜಿ ಮುಚ್ಚುತ್ತಿದ್ದರು. ಇವರು ಆ ಅಂಚನ್ನೇ ಎತ್ತರಿಸಿ, ಕಚ್ಚು ಹಾಕಿ, ಪಾತ್ರೆಯ ಮೈಮೇಲೆ ನೆಟ್ಟಗೆ ನಿಲ್ಲುವ ಏಣುಗಳನ್ನಾಗಿ ಮಾಡಿದರು. ಕೊರತೆಯಾಗಬಹುದಾದದ್ದು ಒಡವೆಯಾಯಿತು. ಒಂದೊಂದು ಹೋಳಿಗೆ ಒಂದೊಂದು ಚಿತ್ರಫಲಕ; ಎಡಕ್ಕೆ ಇದ್ದದ್ದು ಬಲಕ್ಕೂ. ಇಡೀ ಪಾತ್ರೆಯ ಗಾಂಭೀರ್ಯ ಈ ಅಚ್ಚುಕಟ್ಟಿನಿಂದ ಬಂದಿದೆ.

ಆ ಫಲಕಗಳ ನಡುವಿನಿಂದ ಒಂದು ಮುಖ ನೋಡುತ್ತದೆ. ಮೊದಲು ಕಾಣುವುದು ಎರಡು ಉಬ್ಬುಗಣ್ಣುಗಳು. ಆಮೇಲೆ ಸುರುಳಿಗೊಂಡ ಕೊಂಬುಗಳು, ನಡುವೆ ಮೂಗಿನ ಏಣು, ಬಾಗಿದ ಕೋರೆಗಳು. ಕೆಳದವಡೆ ಮಾತ್ರ ಇಲ್ಲ. ನೋಡುತ್ತ ನೋಡುತ್ತ ಕಣ್ಣಿಗೆ ಇನ್ನೊಂದು ಚೋದ್ಯ ಹೊಳೆಯುತ್ತದೆ. ಮುಖದ ಅರ್ಧವನ್ನು ಕೈಯಿಂದ ಮರೆಮಾಡಿದರೆ ಉಳಿದ ಅರ್ಧ ಪಕ್ಕದಿಂದ ಕಾಣುವ ಒಂದು ಪ್ರಾಣಿ: ಕಾಲುಂಟು, ಮೈಯುಂಟು, ಸುತ್ತಿದ ಬಾಲವುಂಟು. ಎರಡು ಮೃಗಗಳು ಮೂಗಿಗೆ ಮೂಗು ತಾಗಿಸಿ ನಿಂತಾಗ ಮೂರನೆಯದೊಂದು ಎದುರಿನಿಂದ ದಿಟ್ಟಿಸುತ್ತದೆ. ಹಿನ್ನೆಲೆಯಲ್ಲೆಲ್ಲ ಚೌಕ ಚೌಕವಾದ ಸಣ್ಣ ಸುರುಳಿಗಳು. ಅದಕ್ಕೆ ‘ಗುಡುಗಿನ ವಿನ್ಯಾಸ’ವೆಂದು ಹೆಸರು. ಕಾಲುಗಳ ಮೇಲೆ ಜೀರುಂಡೆ, ಕತ್ತಿನ ಪಟ್ಟಿಯಲ್ಲಿ ಒಂಟಿಕಾಲಿನ ‘ಕ್ವೀ’ ಎಂಬ ಸರ್ಪಮೃಗ.

ಆ ಮುಖಕ್ಕೆ ‘ತಾವ್‌ತಿಯೆ’ ಎಂದು ಹೆಸರಿಟ್ಟವರು ಅದನ್ನು ಮಾಡಿದವರಲ್ಲ. ಷಾಂಗ್ ವಂಶ ಅಳಿದು ಎಂಟುನೂರು ವರ್ಷಗಳ ಮೇಲೆ, ಕ್ರಿ.ಪೂ. 239ರ ಸುಮಾರಿಗೆ ಸಿದ್ಧವಾದ ಒಂದು ಗ್ರಂಥದಲ್ಲಿ ಅದರ ವಿವರಣೆ ಬರುತ್ತದೆ. ತಲೆಯುಂಟು, ಒಡಲಿಲ್ಲ, ಮನುಷ್ಯನನ್ನು ತಿನ್ನಹೋಗಿ, ನುಂಗುವ ಮೊದಲೇ ತನಗೇ ಹಾನಿ ತಂದುಕೊಂಡ ಹೊಟ್ಟೆಬಾಕ ಅದು ಎಂದು ಆ ಗ್ರಂಥದ ಅಭಿಪ್ರಾಯ. ಊಟದ ಪಾತ್ರೆಯ ಮೇಲೆ ಹೊಟ್ಟೆಬಾಕನ ಚಿತ್ರವೆಂದರೆ ನೀತಿಪಾಠಕ್ಕೆ ಒಳ್ಳೆಯ ಸಾಧನವೇ ಸರಿ. ಆದರೆ ಮಾಡಿದವರ ಮನಸ್ಸಿನಲ್ಲಿ ಇದ್ದುದು ಈ ಪಾಠವೇ ಎಂದು ಹೇಳಲು ಆಧಾರವಿಲ್ಲ.

ಈಚಿನ ವಿದ್ವಾಂಸರಲ್ಲಿಯೂ ಒಮ್ಮತವಿಲ್ಲ. ಮ್ಯಾಕ್ಸ್ ಲೋರ್ ಎಂಬ ಕಲಾಚರಿತ್ರೆಕಾರ 1953ರಲ್ಲಿ ಷಾಂಗ್ ಅಲಂಕಾರವನ್ನು ಐದು ಹಂತಗಳಾಗಿ ವಿಂಗಡಿಸಿ ತೋರಿಸಿದ: ಮೊದಲು ತೆಳುಗೆರೆ, ಆಮೇಲೆ ಪಟ್ಟೆ, ಬಳಿಕ ಒತ್ತಾದ ಸುರುಳಿಗಳ ಹೆಣಿಗೆ, ಕೊನೆಗೆ ಹಿನ್ನೆಲೆಯಿಂದ ಎದ್ದುಬರುವ ಉಬ್ಬುಮೃಗ. ಮುಂದಿನ ಅಗೆತಗಳು ಈ ಕ್ರಮವನ್ನು ಬಹುಮಟ್ಟಿಗೆ ಸಮರ್ಥಿಸಿದುವು. ಗೆರೆಯಿಂದಲೇ ಮೃಗ ಹುಟ್ಟಿತಾದ್ದರಿಂದ ಅದು ವಿನ್ಯಾಸವೇ ಹೊರತು ಅದಕ್ಕೆ ಖಚಿತವಾದ ಅರ್ಥವಿರಲಾರದೆಂಬುದು ಅವನ ವಾದ. ಪುರಾತತ್ತ್ವಜ್ಞ ಕ್ವಾಂಗ್-ಚಿ ಚಾಂಗ್ ಇದನ್ನು ಒಪ್ಪಲಿಲ್ಲ. ಸತ್ತವರ ಲೋಕಕ್ಕೂ ಬದುಕಿರುವವರ ಲೋಕಕ್ಕೂ ನಡುವೆ ಓಡಾಡುವ ಪೂಜಾರಿಗೆ ಸಹಾಯಕವಾದ ಪ್ರಾಣಿಗಳಿವು ಎಂದು ಅವರು ವಾದಿಸಿದರು. ಪಾತ್ರೆಯ ಮೇಲಿನ ಕಣ್ಣುಗಳು ಮಾತ್ರ ಎರಡು ಪಕ್ಷದವರನ್ನೂ ಒಂದೇ ಸಮನೆ ನೋಡುತ್ತಿವೆ.

ಇಂಥ ಪಾತ್ರೆಗಳ ಒಡತಿಯೊಬ್ಬಳ ಕಥೆ 1976ರಲ್ಲಿ ಬೆಳಕಿಗೆ ಬಂತು. ಷಾಂಗ್ ವಂಶದ ಕೊನೆಯ ರಾಜಧಾನಿಯಿದ್ದುದು ಹೆನಾನ್ ಪ್ರಾಂತದ ಈಗಿನ ಆನ್ಯಾಂಗ್ ನಗರದ ಬಳಿ. ಅಲ್ಲಿ ಝೆಂಗ್ ಝೆನ್‌ಶಿಯಾಂಗ್ ಎಂಬ ಮಹಿಳೆಯ ನೇತೃತ್ವದಲ್ಲಿ ಅಗೆಯುತ್ತಿದ್ದವರಿಗೆ ಕಳ್ಳರ ಕೈ ತಾಗದ ಒಂದು ಸಮಾಧಿ ಸಿಕ್ಕಿತು. ಅದರೊಳಗಿನ ಅನೇಕ ಪಾತ್ರೆಗಳ ಮೇಲೆ ಒಂದೇ ಹೆಸರು: ಫು ಹಾವ್. ಆಕೆ ವೂ ದಿಂಗ್ ಎಂಬ ಅರಸನ ಪತ್ನಿಯರಲ್ಲೊಬ್ಬಳು. ಆ ಅರಸ ಏನೇ ಕೆಲಸಕ್ಕೂ ಮುನ್ನ ಆಮೆಯ ಚಿಪ್ಪನ್ನೋ ಎತ್ತಿನ ಹೆಗಲ ಮೂಳೆಯನ್ನೋ ಕಾಯಿಸಿ, ಮೂಡಿದ ಬಿರುಕಿನಿಂದ ಶಕುನ ಕೇಳುತ್ತಿದ್ದ. ಪ್ರಶ್ನೆಯನ್ನು ಅದರ ಮೇಲೆಯೇ ಬರೆಸುತ್ತಿದ್ದ. ಆ ಬರಹಗಳಲ್ಲಿ ಫು ಹಾವ್ ಹದಿಮೂರು ಸಾವಿರ ಜನರ ದಂಡಿಗೆ ಒಡತಿ. ಹಿರಿಯರ ಪೂಜೆಗೆ ಯಜಮಾನಿ. ಅವಳು ಬಸುರಿಯಾಗಿದ್ದಾಗ ಹೆರಿಗೆ ಯಾವ ದಿನವಾದರೆ ಶುಭವೆಂದು ಅರಸ ತಾನೇ ಬಿರುಕನ್ನು ಓದಿ ಹೇಳಿದ್ದೂ ಉಂಟು. ಮೂವತ್ತೊಂದು ದಿನಗಳ ಮೇಲೆ ಹೆರಿಗೆಯಾಯಿತು. ಒಳ್ಳೆಯದಾಗಲಿಲ್ಲ, ಹೆಣ್ಣು ಎಂದು ಮೂಳೆಯ ಮೇಲೆ ಗೀಚಿದ್ದಾರೆ. ದಂಡನಾಯಕಿಯ ಮನೆಯಲ್ಲಿಯೂ ಹೆಣ್ಣು ಕೂಸಿಗೆ ಅಂದು ಸಂದ ಸ್ವಾಗತ ಇಷ್ಟೇ.

ಅವಳು ಅರಸನಿಗಿಂತ ಮೊದಲೇ ತೀರಿಕೊಂಡಳು. ಸುಮಾರು 7.5 ಮೀಟರ್ ಆಳದ ಕುಣಿಯಲ್ಲಿ ಅವಳ ಜೊತೆಗೆ ಇಟ್ಟದ್ದು 468 ಕಂಚಿನ ವಸ್ತುಗಳು. ಅವುಗಳಲ್ಲಿ ಇನ್ನೂರಕ್ಕೂ ಹೆಚ್ಚು ಪೂಜಾಪಾತ್ರೆಗಳು. ಕಂಚಿನ ಒಟ್ಟು ತೂಕ ಸುಮಾರು 1,600 ಕಿಲೋಗ್ರಾಂ. ಹಸಿರು ಶಿಲೆಯ 755 ಒಡವೆಗಳು, ಏಳು ಸಾವಿರಕ್ಕೆ ಹತ್ತಿರ ಕವಡೆಗಳು ಬೇರೆ. ಪಾತ್ರೆಗಳಲ್ಲೊಂದು ಜೋಡಿ ಗೂಬೆಯ ಆಕಾರದ್ದು: 46 ಸೆಂಟಿಮೀಟರ್ ಎತ್ತರ, ಎರಡು ಕಾಲು, ಮೂರನೆಯ ಊರುಗೋಲಾಗಿ ಬಾಲ, ತಲೆಯ ಹಿಂಭಾಗವೇ ಮುಚ್ಚಳ. ಕನ್ನಡ ನಾಡಿನಲ್ಲಿ ಗೂಬೆ ಮನೆಯ ಮೇಲೆ ಕುಳಿತರೆ ಶಾಂತಿ ಮಾಡಿಸುತ್ತಾರೆ. ಷಾಂಗ್ ರಾಣಿ ಅದರಲ್ಲಿ ಹಿರಿಯರಿಗೆ ಮದ್ಯ ತುಂಬಿಟ್ಟಳು. ಬೆರಗಾಗುವ ಕಣ್ಣಿಗೆ ಇನ್ನೊಂದು ಲೆಕ್ಕವೂ ಕಾಣಬೇಕು. ಆ ಕುಣಿಯಲ್ಲಿ ಅವಳೊಡನೆ ಕಳುಹಿಸಿದ 16 ಮನುಷ್ಯರ, 6 ನಾಯಿಗಳ ಎಲುಬುಗಳೂ ಇದ್ದುವು. ಪಾತ್ರೆಗಳ ಮೇಲೆ ಒಡತಿಯ ಹೆಸರಿದೆ. ಆ ಹದಿನಾರು ಮಂದಿಯ ಹೆಸರು ಎಲ್ಲಿಯೂ ಇಲ್ಲ.

ಅದೇ ಆನ್ಯಾಂಗಿನ ಹೊಲವೊಂದರಲ್ಲಿ 1939ರಲ್ಲಿ ರೈತರಿಗೆ ಇನ್ನೂ ದೊಡ್ಡದೊಂದು ದಿಂಗ್ ಸಿಕ್ಕಿತ್ತು. ನಾಲ್ಕು ಕಾಲು, ಚೌಕದ ಮೈ, 133 ಸೆಂಟಿಮೀಟರ್ ಎತ್ತರ, 832.84 ಕಿಲೋಗ್ರಾಂ ತೂಕ. ಯಾವನೋ ಷಾಂಗ್ ಅರಸ ತನ್ನ ತಾಯಿಗಾಗಿ ಮಾಡಿಸಿದ್ದೆಂದು ಒಳಗಿನ ಮೂರು ಅಕ್ಷರಗಳಿಂದ ತಿಳಿಯುತ್ತದೆ. ಆಗ ಆ ಸೀಮೆ ಜಪಾನಿ ಸೇನೆಯ ವಶದಲ್ಲಿತ್ತು. ಸಾಗಿಸಲು ಆಗದ್ದನ್ನು ತುಂಡು ಮಾಡಿ ಮಾರೋಣವೆಂದು ಊರಿನವರು ಗರಗಸ ಹಾಕಿದರು, ಕಂಚು ಬಗ್ಗಲಿಲ್ಲ. ಸುದ್ದಿ ಸೇನೆಯ ಕಿವಿ ಮುಟ್ಟುವ ಮೊದಲೇ ಮತ್ತೆ ನೆಲದಲ್ಲಿ ಹೂತರು. 1946ರಲ್ಲಿ ಅದನ್ನು ತಿರುಗಿ ಮೇಲೆತ್ತಿದಾಗ ಒಂದು ಕಿವಿ ಇರಲಿಲ್ಲ. ಈಗಿರುವ ಕಿವಿ ಆಮೇಲೆ ಮಾಡಿ ಕೂಡಿಸಿದ್ದು. ತಾಯಿಗೆ ಮಗ ಬಡಿಸಿದ ಆ ಮಹಾಪಾತ್ರೆ ಈಗ ಬೀಜಿಂಗಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ.

ಕ್ರಿ.ಪೂ. 1046ರ ಸುಮಾರಿನಲ್ಲಿ ಪಶ್ಚಿಮದ ಝೌ ಜನ ಷಾಂಗ್ ವಂಶವನ್ನು ಉರುಳಿಸಿದರು. ಆ ಯುದ್ಧದ ಸುದ್ದಿಯೂ ಉಳಿದಿರುವುದು ಒಂದು ಪಾತ್ರೆಯೊಳಗೆಯೇ. ಲೀ ಎಂಬ ಅಧಿಕಾರಿಗೆ ಗೆಲುವಿನ ಏಳು ದಿನಗಳ ಮೇಲೆ ಅರಸ ಲೋಹವನ್ನು ಬಹುಮಾನವಾಗಿ ಕೊಟ್ಟ; ಅವನು ಅದರಲ್ಲಿ ತನ್ನ ಹಿರಿಯನ ಸೇವೆಗೆ ಒಂದು ಗ್ವೀ ಮಾಡಿಸಿ, ಯುದ್ಧ ನಡೆದ ಮುಂಜಾನೆಯ ವಿಷಯವನ್ನು ಅದರ ತಳದಲ್ಲಿ ಅಚ್ಚುಹಾಕಿಸಿದ. ಹೊರಗೆ, ಎಲ್ಲರ ಕಣ್ಣಿಗೆ ಬೀಳುವಲ್ಲಿ ಏಕೆ ಬರೆಸಲಿಲ್ಲ? ಓದಬೇಕಾದವರು ಹೊರಗಿನವರಲ್ಲ. ಅನ್ನದ ಕೆಳಗೆ ಬರೆದ ಸುದ್ದಿ ಅನ್ನ ಉಣ್ಣುವ ಹಿರಿಯನಿಗೆ. ನಿನ್ನ ವಂಶದವನು ಇಂಥದೊಂದು ಮಾನವನ್ನು ಪಡೆದ ಎಂದು ಮೊಮ್ಮಗ ಅಜ್ಜನ ಕಿವಿಯಲ್ಲಿ ಹೇಳುವ ಮಾತು ಅದು.

ಈ ಸಂಪ್ರದಾಯ ಬೆಳೆದು ಝೌ ಕಾಲದ ಪಾತ್ರೆಗಳು ದಾಖಲೆಪತ್ರಗಳೇ ಆದುವು. ನೇಮಕ, ಭೂದಾನ, ವ್ಯಾಜ್ಯದ ತೀರ್ಪು, ಮದುವೆ ಎಲ್ಲವೂ ಕಂಚಿಗೇರಿದುವು. ಯೂ ಎಂಬ ಅಧಿಕಾರಿಯ ಮಹಾದಿಂಗ್‌ನಲ್ಲಿ 291 ಅಕ್ಷರಗಳಿವೆ. ಷಾಂಗ್ ಅಧಿಕಾರಿಗಳು ಕುಡಿತಕ್ಕೆ ಬಿದ್ದುದರಿಂದಲೇ ರಾಜ್ಯ ಹೋಯಿತೆಂದು ಅರಸ ಅದರಲ್ಲಿ ಅವನಿಗೆ ಬುದ್ಧಿ ಹೇಳುತ್ತಾನೆ. ಮಾತು ಬರಿಯ ಮಾತಾಗಿ ಉಳಿಯಲಿಲ್ಲವೆಂದು ತೋರುತ್ತದೆ. ಕ್ರಿ.ಪೂ. ಒಂಬತ್ತನೆಯ ಶತಮಾನದ ಹೊತ್ತಿಗೆ ಜ್ವೇ, ಗೂ ಮುಂತಾದ ಪಾನಪಾತ್ರೆಗಳು ಮಾಯವಾಗಿ, ಸಾಲುಸಾಲು ದಿಂಗ್ ಗ್ವೀಗಳು ನಿಂತುವು. ಅಲಂಕಾರವೂ ಬದಲಾಯಿತು. ಉಬ್ಬುಗಣ್ಣಿನ ಮೃಗಕ್ಕೆ ಬದಲಾಗಿ ನೀಳ ಗರಿಯ ಹಕ್ಕಿಗಳು ಬಂದುವು. ಆಮೇಲೆ ಹಕ್ಕಿಯೂ ಕರಗಿ ಅಲೆಯಾಯಿತು, ಹುರುಪೆಯಾಯಿತು. ಭಯ ಹೋಗಿ ಬರಹ ಬಂತೆಂದರೆ ತಪ್ಪಾಗದು.

ಆ ಬರಹಗಳು ಹೇಗೆಯೇ ಆರಂಭವಾಗಲಿ, ಬಹಳಷ್ಟರ ಮುಗಿತಾಯ ಒಂದೇ: ಮಕ್ಕಳೂ ಮೊಮ್ಮಕ್ಕಳೂ ಈ ಪಾತ್ರೆಯನ್ನು ಎಂದೆಂದಿಗೂ ಕಾಪಾಡಿಕೊಂಡು ಬಳಸಲಿ ಎಂಬ ಹಾರೈಕೆ. ನೂರಾರು ಪಾತ್ರೆಗಳಲ್ಲಿ, ನೂರಾರು ಮನೆತನಗಳವರು, ಶತಮಾನಗಳ ಕಾಲ ಬರೆಸಿದ ಒಂದೇ ಆಸೆ. ಆ ಆಸೆಗೆ ಏನಾಯಿತು?

ಝೌ ವಂಶದ ಪಶ್ಚಿಮದ ರಾಜಧಾನಿ ಕ್ರಿ.ಪೂ. 771ರಲ್ಲಿ ಶತ್ರುಗಳ ಪಾಲಾಯಿತು. ಅದರ ಸುತ್ತಿನ ಸೀಮೆಯಲ್ಲಿ, ಈಗಿನ ಷಾನ್‌ಶಿ ಪ್ರಾಂತದ ಝ್ವಾಂಗ್‌ಬಾಯ್ ಎಂಬ ಹಳ್ಳಿಯಲ್ಲಿ, 1976ರ ಡಿಸೆಂಬರಿನಲ್ಲಿ ರೈತರ ಗುದ್ದಲಿಗೆ ಒಂದು ಗುಂಡಿ ಸಿಕ್ಕಿತು. ಅದು ಸಮಾಧಿಯಲ್ಲ. 103 ಕಂಚಿನ ವಸ್ತುಗಳನ್ನು ಒತ್ತೊತ್ತಾಗಿ ಜೋಡಿಸಿ, ಸಂದಿಗಳಿಗೆ ಬೂದಿ ತುಂಬಿ ಮುಚ್ಚಿದ್ದರು. ತಲೆಮಾರುಗಳಿಂದ ಅರಮನೆಯ ಲಿಪಿಕಾರರಾಗಿದ್ದ ಒಂದೇ ಮನೆತನದ ಆಸ್ತಿ ಅದು. ಅವರಲ್ಲಿ ಚಿಯಾಂಗ್ ಎಂಬವನ ಹರಿವಾಣದಲ್ಲಿ 284 ಅಕ್ಷರಗಳಿವೆ: ಮೊದಲರ್ಧ ಝೌ ಅರಸರ ವಂಶಾವಳಿ, ಉಳಿದರ್ಧ ತನ್ನ ಮನೆಯ ಹಿರಿಯರ ಕಥೆ. ಅಪಾಯ ಬಂದಾಗ ಮನೆಯವರು ಇವನ್ನೆಲ್ಲ ಹೂತು ಓಡಿಹೋಗಿರಬೇಕೆಂದು ವಿದ್ವಾಂಸರ ಊಹೆ. ತಿರುಗಿ ಬಂದು ತೆಗೆದುಕೊಳ್ಳುವ ಆಸೆಯಿಲ್ಲದವರು ಅಷ್ಟು ಓರಣವಾಗಿ ಜೋಡಿಸಿಡುವುದಿಲ್ಲ. ಯಾರೂ ಬರಲಿಲ್ಲ. ಬೂದಿ ಸುಮಾರು 2,700 ವರ್ಷ ಕಾದಿತು.

ಮನೆಯಲ್ಲಿಯೇ ಉಳಿದು ಬಳಕೆಯಾಗುತ್ತಿದ್ದ ಪಾತ್ರೆಗಳ ಗತಿಯೇನು? ಕಂಚು ಎಂದೂ ಅಗ್ಗದ ವಸ್ತುವಲ್ಲ. ಯುದ್ಧ ಬಂದರೆ ಆಯುಧಕ್ಕೆ ಬೇಕು, ಶಾಂತಿ ಬಂದರೆ ನಾಣ್ಯಕ್ಕೆ ಬೇಕು. ಕೈಗೆಟುಕುವಲ್ಲಿ ಇದ್ದುವು ಕುಲುಮೆಗೆ ಹೋಗಿ ಕರಗಿದುವು. ಉಳಿದಿರುವುವು ಸಮಾಧಿಯಲ್ಲಿಯೋ ಗುಂಡಿಯಲ್ಲಿಯೋ ಮರೆಯಾಗಿದ್ದುವೇ. ಬಳಸಲೆಂದು ಹಾರೈಸಿ ಮಾಡಿದ ಪಾತ್ರೆಗಳಲ್ಲಿ ಬಳಕೆ ತಪ್ಪಿದವೇ ಬದುಕಿಕೊಂಡದ್ದು ವಿಧಿಯ ವಿನೋದವೆನ್ನಬೇಕು.

ನೆಲದಿಂದ ಮೇಲೆ ಬಂದವಕ್ಕೂ ನೆಮ್ಮದಿಯಿರಲಿಲ್ಲ. ಸೊಂಗ್ ವಂಶದ ಕಾಲದಲ್ಲಿ ಹಳೆಯ ಕಂಚುಗಳನ್ನು ಕೂಡಿಡುವ ಒಲವು ಬೆಳೆಯಿತು. ಲ್ಯೂ ದಾಲಿನ್ ಎಂಬ ಪಂಡಿತ 1092ರಲ್ಲಿ ಅವುಗಳ ಚಿತ್ರಸಹಿತವಾದ ಗ್ರಂಥವನ್ನು ರಚಿಸಿದ. ಚಿತ್ರಕಾರನೂ ಆಗಿದ್ದ ಹುಯಿಝೊಂಗ್ ಚಕ್ರವರ್ತಿ ತನ್ನ ಅರಮನೆಯ ಸಂಗ್ರಹದ 839 ಪಾತ್ರೆಗಳ ಪಟ್ಟಿಯನ್ನು ಮಾಡಿಸಿದ. 1127ರಲ್ಲಿ ಉತ್ತರದ ಜಿನ್ ಸೇನೆ ರಾಜಧಾನಿಯನ್ನು ಕೊಳ್ಳೆ ಹೊಡೆದು ಚಕ್ರವರ್ತಿಯನ್ನೂ ಸೆರೆ ಒಯ್ದಿತು. ಆಗ ದಕ್ಷಿಣಕ್ಕೆ ಗುಳೆ ಹೋದವರಲ್ಲಿ ಚೀನದ ಅತಿ ಪ್ರಸಿದ್ಧ ಕವಯಿತ್ರಿ ಲೀ ಚಿಂಗ್‌ಝಾವ್ ಮತ್ತು ಅವಳ ಪತಿ ಝಾವ್ ಮಿಂಗ್‌ಚೆಂಗ್ ಇದ್ದರು. ಮದುವೆಯಾದಂದಿನಿಂದ ಉಟ್ಟ ಬಟ್ಟೆಯನ್ನು ಒತ್ತೆಯಿಟ್ಟಾದರೂ ಹಳೆಯ ಶಾಸನ, ಪಾತ್ರೆಗಳನ್ನು ಕೊಂಡು ಕೂಡಿಸಿದ ದಂಪತಿಗಳು ಅವರು. 1129ರಲ್ಲಿ ಪತಿ ಕೆಲಸದ ಮೇಲೆ ಬೇರೆಯಾಗಿ ಹೋಗಬೇಕಾಯಿತು. ಶತ್ರು ಬಂದರೆ ಏನು ಮಾಡಲೆಂದು ಅವಳು ಕೇಳಿದಳು. ಮೊದಲು ಸಾಮಾನು ಬಿಡು, ಆಮೇಲೆ ಬಟ್ಟೆಬರೆ, ಆಮೇಲೆ ಪುಸ್ತಕ ಚಿತ್ರಗಳು, ಆಮೇಲೆ ಪ್ರಾಚೀನ ವಸ್ತುಗಳು. ಹಿರಿಯರ ಪೂಜಾಪಾತ್ರೆಗಳನ್ನು ಮಾತ್ರ ನೀನೇ ಹೊತ್ತುಕೊಂಡು ಅವುಗಳೊಡನೆಯೇ ಉಳಿ, ಇಲ್ಲವೆ ಅಳಿ ಎಂಬ ಅರ್ಥದ ಮಾತನ್ನು ಹೇಳಿ ಅವನು ಹೊರಟ. ಅದೇ ವರ್ಷ ಜ್ವರದಿಂದ ತೀರಿಕೊಂಡ. ಒಂಟಿ ಹೆಂಗಸು ಊರಿಂದೂರಿಗೆ ಅಲೆಯುತ್ತ ಒಂದೊಂದನ್ನೇ ಕಳೆದುಕೊಂಡಳು: ಕೆಲವು ಬೆಂಕಿಗೆ, ಕೆಲವು ಕಳ್ಳರಿಗೆ. ಕಡೆಗೆ ಅವಳ ಕೈಯಲ್ಲಿ ಉಳಿದದ್ದು ಕೆಲವೇ ಪುಸ್ತಕಗಳು ಮತ್ತು ಆ ಕಥೆಯನ್ನು ಬರೆದಿಡುವ ಲೇಖನಿ.

ಎಂಟುನೂರು ವರ್ಷಗಳ ಮೇಲೆ ಇಂಥದೇ ಪರೀಕ್ಷೆ ಇನ್ನೊಬ್ಬ ಹೆಣ್ಣುಮಗಳಿಗೆ ಎದುರಾಯಿತು. ಕುಡಿತವನ್ನು ಹಳಿಯುವ ಯೂನ ಮಹಾದಿಂಗ್ ಹತ್ತೊಂಬತ್ತನೆಯ ಶತಮಾನದಲ್ಲಿ ನೆಲದಿಂದ ಬಂದು, ಝುವೋ ಝೊಂಗ್‌ತಾಂಗ್ ಎಂಬ ಸೇನಾನಾಯಕನ ಕೈಸೇರಿತ್ತು. ತನ್ನ ಸಂಕಟದಲ್ಲಿ ನೆರವಾದ ಪಾನ್ ಝುಯಿನ್ ಎಂಬ ಮಂತ್ರಿಗೆ ಅವನು ಅದನ್ನು ಕೃತಜ್ಞತೆಯಿಂದ ಕೊಟ್ಟ. ಕೆ ಎಂಬವನ ಇನ್ನೊಂದು ಮಹಾದಿಂಗ್ ಕೂಡ ಅದೇ ಪಾನ್ ಮನೆ ಸೇರಿತು. ಒಂದರ ತೂಕ 153.5 ಕಿಲೋಗ್ರಾಂ, ಇನ್ನೊಂದರದು 201.5. ಸೂಝೌ ನಗರದ ಆ ಮನೆಗೆ ಸೊಸೆಯಾಗಿ ಬಂದು ಚಿಕ್ಕ ವಯಸ್ಸಿನಲ್ಲೇ ವಿಧವೆಯಾದಾಕೆ ಪಾನ್ ದಾಯು. 1937ರಲ್ಲಿ ಜಪಾನಿ ಸೇನೆ ಸೂಝೌವನ್ನು ಹಿಡಿದಾಗ ಮನೆಯವರು ಮರದ ದೊಡ್ಡ ಪೆಟ್ಟಿಗೆಯಲ್ಲಿ ಎರಡನ್ನೂ ಇಟ್ಟು ಮನೆಯೊಳಗೇ ಹೂತರು. ಸೈನಿಕರು ಮತ್ತೆ ಮತ್ತೆ ಬಂದು ಶೋಧಿಸಿದರು, ಕೈಗೆ ಹತ್ತಲಿಲ್ಲ. 1944ರಲ್ಲಿ ಪೆಟ್ಟಿಗೆ ಕೊಳೆತು ನೆಲ ಕುಸಿದಾಗ ಮೇಲೆತ್ತಿ ಮೂಲೆಯ ಕೋಣೆಯಲ್ಲಿ ಅಡಗಿಸಿದರು. ಇವಳೂ ಹೂತಿಟ್ಟಳು, ಆದರೆ ಝ್ವಾಂಗ್‌ಬಾಯ್‌ನವರಂತಲ್ಲದೆ ಮೇಲೆತ್ತಲು ತಾನೇ ಉಳಿದಳು.

1951ರಲ್ಲಿ ಆಕೆ ಎರಡನ್ನೂ ಸರಕಾರಕ್ಕೆ ದಾನವಾಗಿ ಕೊಟ್ಟಳು. ಅವು ಶಾಂಘೈ ಸಂಗ್ರಹಾಲಯಕ್ಕೆ ಬಂದುವು. 1959ರಲ್ಲಿ ಯೂನ ದಿಂಗ್ ಬೀಜಿಂಗಿಗೆ ಹೋಯಿತು. 2004ರಲ್ಲಿ ಚೀನೀ ಎಣಿಕೆಯಂತೆ ಆಕೆಗೆ ನೂರು ವರ್ಷ ತುಂಬಿತೆಂದು ಶಾಂಘೈಯಲ್ಲಿ ಪ್ರದರ್ಶನವೊಂದು ನಡೆಯಿತು. ನಲವತ್ತೈದು ವರ್ಷಗಳ ಮೇಲೆ ಎರಡು ಹಂಡೆಗಳೂ ಮತ್ತೆ ಒಂದೇ ಸೂರಿನಡಿ ನಿಂತುವು. 2007ರಲ್ಲಿ ಆಕೆ ತೀರಿಕೊಂಡಳು. ಮಕ್ಕಳು ಮೊಮ್ಮಕ್ಕಳು ಕಾಪಾಡಲಿ ಎಂದು ಬೇಡಿದ ಪಾತ್ರೆಗಳನ್ನು ಕಾಪಾಡಿದ್ದು ರಕ್ತಸಂಬಂಧವಿಲ್ಲದ ಒಂದು ಮನೆಯ ಸೊಸೆ.

ಎಲ್ಲ ಪಾತ್ರೆಗಳಿಗೂ ಇಂಥ ಭಾಗ್ಯವಿಲ್ಲ. 1963ರಲ್ಲಿ ಷಾನ್‌ಶಿಯ ಬಾವ್‌ಜಿ ಬಳಿ ಸಿಕ್ಕ ಒಂದು ಝುನ್ ಎರಡು ವರ್ಷ ರೈತನ ಮನೆಯಲ್ಲಿದ್ದು, ಹಳೆಯ ಲೋಹವಾಗಿ ಗುಜರಿಗೆ ಹೋಯಿತು. ಕರಗುವ ಮೊದಲೇ ಅಲ್ಲಿನ ಸಂಗ್ರಹಾಲಯದವರೊಬ್ಬರ ಕಣ್ಣಿಗೆ ಬಿದ್ದು 30 ಯುವಾನ್ ಬೆಲೆಗೆ ಉಳಿದುಕೊಂಡಿತು. ಹತ್ತು ವರ್ಷ ಯಾರೂ ಅದರ ಒಳಗನ್ನು ಗಮನಿಸಲಿಲ್ಲ. 1975ರಲ್ಲಿ ಮಾ ಚೆಂಗ್‌ಯುವಾನ್ ಎಂಬ ತಜ್ಞರು ಕಿಲುಬು ತೆಗೆಸಿದಾಗ ತಳದಲ್ಲಿ 122 ಅಕ್ಷರಗಳು ಕಂಡುವು. ಅವುಗಳ ನಡುವೆ ಎರಡು ಅಕ್ಷರಗಳು ಜೊತೆಯಾಗಿ ನಿಂತಿದ್ದುವು: ‘ಝೊಂಗ್ ಗ್ವೋ’, ನಡುನಾಡು. ಚೀನೀಯರು ತಮ್ಮ ದೇಶವನ್ನು ಇಂದು ಕರೆಯುವ ಹೆಸರು ಅತ್ಯಂತ ಹಳೆಯದಾಗಿ ಕಾಣಿಸುವುದು ಅಲ್ಲಿಯೇ. ಒಂದು ದೇಶದ ಹೆಸರು 30 ಯುವಾನ್‌ಗೆ ಗುಜರಿಯಿಂದ ಪಾರಾಗಿ ಬಂತು.

ಇಂದು ಈ ಪಾತ್ರೆಗಳು ಗಾಜಿನ ಪೆಟ್ಟಿಗೆಗಳಲ್ಲಿವೆ. ಒಲೆಯ ಬಿಸಿ ಇಲ್ಲ, ಹಬೆ ಇಲ್ಲ, ನವಣೆಯ ವಾಸನೆ ಇಲ್ಲ. ಮಾಡಿಸಿದವರ ವಂಶದವರು ಯಾರೆಂದು ಹೇಳುವವರಿಲ್ಲ. ಹಾರೈಕೆ ಸುಳ್ಳಾಯಿತೆಂದು ಹೇಳಿಬಿಡಬಹುದು. ಆದರೆ ಅಮ್ಮನ ಕೈಹಿಡಿದು ಬಂದ ಮಗುವೊಂದು ತುದಿಗಾಲಿನಲ್ಲಿ ನಿಂತು ಒಳಗೆ ಇಣುಕಿದರೆ ಅದಕ್ಕೆ ತಳದ ಅಕ್ಷರಗಳು ಕಾಣುತ್ತವೆ. ಅನ್ನ ತುಂಬಿದ್ದ ಕಾಲದಲ್ಲಿ ಅವು ಯಾರಿಗೂ ಕಾಣುತ್ತಿರಲಿಲ್ಲ. ಪಾತ್ರೆ ಬರಿದಾದ ಮೇಲೆಯೇ ಅವನ್ನು ಓದಲು ಸಾಧ್ಯವಾದದ್ದು.